ಲಿಫ್ಟಿನಲ್ಲಿ ಇಳಿದವಳು

ಬೇರೆಯವರ ಸೈಕಲ್ ಕಂಡರೆ ಬೈಯುವ ಮೆಕ್ಯಾನಿಕ್ ನನ್ನ ಸೈಕಲ್ ಕಂಡು ಹೊಗಳಿದ. ಆತ ಪುತ್ತೂರು ಕಡೆಯ ಬ್ಯಾರಿ. ಸಾಲ್ಮಿಯಾದ ಒಂದು ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೈದು ವರ್ಷಗಳಿಂದ ಕೂತು ಕುವೈತಿನ ಮರಳು ತಿಂದ ಗೇರು, ಚೈನುಗಳನ್ನು ತೊಳೆಯುತ್ತಿದ್ದವ. ಯುರೋಪಿಗೆ ಹೊರಡುವ ಮೊದಲು ಎಲ್ಲವನ್ನೂ ಒಮ್ಮೆ ನೋಡಿಬಿಡು ಎಂದು ನನ್ನ ಮೌಂಟನ್ ಬೈಕನ್ನು ಅವನ ಮುಂದೆ ನಿಲ್ಲಿಸಿದ್ದೆ. ಚಕ್ರ ಬಿಚ್ಚಿ ಬ್ರೇಕಿನ ಪ್ಯಾಡುಗಳನ್ನು ಕೈಗೆ ತೆಗೆದುಕೊಂಡವನು ಕನ್ನಡಕ ಮೇಲೇರಿಸಿದ.

"ಎಂತ ಮೇಡಂ ಇದು! ಮೂರು ವರ್ಷ ಆಯ್ತಲ್ಲ ತಗೊಂಡು? ಪ್ಯಾಡ್ ಇನ್ನೂ ಹೊಸದೇ ಉಂಟು. ಗಾಡಿ ಹೇಗೆ ನೋಡಿಕೊಳ್ಳಬೇಕು ಅಂತ ನಿಮ್ಮಿಂದ ಕಲೀಬೇಕು ಮಾರಾಯ್ರೆ."

ನಾನು ಹಿಗ್ಗಿ ಹೀರೇಕಾಯಿಯಾದೆ. ಸವೆಯದ ಬ್ರೇಕ್ ಪ್ಯಾಡ್ ಎಂದರೆ ಏನರ್ಥ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮೊಣಕಾಲಿನ ಚಿಪ್ಪು ಬದಲಿಸಿಕೊಂಡವರನ್ನು ಮತ್ತೆ ನಡೆಸುವುದು, ಮೆಟ್ಟಿಲು ಹತ್ತಿಸಿ ಇಳಿಸುವುದು ನನ್ನ ಕೆಲಸ. ಮೂವತ್ತೆಂಟನೆಯ ವಯಸ್ಸಿನಲ್ಲಿ ತೂಕ ಇಳಿಸಲೆಂದು ಈಜಲು ಶುರು ಮಾಡಿ, ಅಲ್ಲಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಜಾರಿದವಳು. ಕೊನೆಗೆ ಆಫ್-ರೋಡ್ ಟ್ರಯಥ್ಲಾನ್ ಎಂಬ ಹುಚ್ಚು ಹಿಡಿಯಿತು. ಕೆರೆಯಲ್ಲಿ ಈಜಿ, ಎದ್ದು ಬಂದು ಕಾಡುದಾರಿಯಲ್ಲಿ ಸೈಕಲ್ ತುಳಿದು, ಆಮೇಲೆ ಅದೇ ಬೆಟ್ಟದಲ್ಲಿ ಓಡುವ ಸ್ಪರ್ಧೆ ಅದು. ನಡುವೆ ವಿರಾಮವಿಲ್ಲ. ಆಲ್ಪ್ಸ್ ಪರ್ವತದ ಒಂದು ಸರೋವರದ ದಡದಲ್ಲಿ ಜುಲೈ ತಿಂಗಳಲ್ಲಿ ನಡೆಯುವ ಸ್ಪರ್ಧೆಗೆ ಹೆಸರು ಕೊಟ್ಟೆ. ಒಂದೂವರೆ ಕಿಲೋಮೀಟರ್ ಈಜು, ಮೂವತ್ತೆರಡು ಕಿಲೋಮೀಟರ್ ಸೈಕಲ್, ಹತ್ತು ಕಿಲೋಮೀಟರ್ ಓಟ. ಎಲ್ಲ ಸೇರಿ ಆರು ಗಂಟೆಯೊಳಗೆ ಮುಗಿಸಬೇಕು.

ಮನೆಯಲ್ಲಿ ಇದು ಸುಲಭಕ್ಕೆ ಜೀರ್ಣವಾಗಲಿಲ್ಲ. ನನ್ನ ಗಂಡ ಶುಐಬಾದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಆ ಬೇಸಿಗೆ ಅಲ್ಲಿ ಯಂತ್ರಗಳನ್ನು ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ ಇದ್ದುದರಿಂದ ಅವನಿಗೆ ರಜೆ ಇರಲಿಲ್ಲ. ಅಂದರೆ ಹನ್ನೆರಡು ವರ್ಷದ ಮಗಳನ್ನು ನಮ್ಮೂರು ಶಿರ್ವಕ್ಕೆ ಕರೆದೊಯ್ಯಬೇಕಾದ ರಜೆ ನನ್ನದೊಂದೇ. ಆ ರಜೆಯನ್ನು ನಾನು ಬೆಟ್ಟಕ್ಕೆ ಬರೆದುಕೊಟ್ಟಿದ್ದೆ. ಊರಿನಲ್ಲಿ ಅವಳಿಗಾಗಿ ಆರು ಜನ ಕಸಿನ್‌ಗಳು ಕಾದು ಕೂತಿದ್ದರು.

"ದಿಸ್ ಈಸ್ ಸೋ ನಾಟ್ ಫೇರ್, ಮಮ್ಮಾ," ಎಂದಳು ಮಗಳು. ನಾನು ಕೊಂಕಣಿಯಲ್ಲಿ ಕೇಳಿದರೂ ಅವಳ ಸಿಟ್ಟು ಯಾವಾಗಲೂ ಇಂಗ್ಲಿಷಿನಲ್ಲೇ ಬರುವುದು.

ಅವಳ ಮುಖ ನೋಡಲಾಗದೆ ನಾನು ಒಂದು ಮಾತು ಕೊಟ್ಟುಬಿಟ್ಟೆ. "ಇದೊಂದು ಸಲ. ಟೈಮಿನ ಒಳಗೆ ಮುಗಿಸದಿದ್ದರೆ ಬಂದ ದಿನವೇ ಸೈಕಲ್ ಮಾರ್ತೇನೆ. ಮತ್ತೆ ಪ್ರತಿವರ್ಷ ಊರೇ."

"ಪ್ರಾಮಿಸ್?"

"ಪ್ರಾಮಿಸ್."

ಗಂಡ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಮರುದಿನ ನೋಡಿದರೆ ನಮ್ಮ ಕ್ಲಿನಿಕ್ಕಿನ ಮೂಳೆ ಡಾಕ್ಟರು ನನ್ನ ಸೈಕಲ್ಲಿನ ಅಳತೆ ಕೇಳುತ್ತಿದ್ದಾರೆ! ಸೈಕಲ್ ಮಾರಾಟಕ್ಕೆ ಬರಬಹುದು ಎಂದು ಗಂಡನೇ ಫೋನ್ ಮಾಡಿ ಹೇಳಿದ್ದ. ಆ ಸೈಕಲ್ಲನ್ನು ನಾನು ಪ್ರೀತಿಸುತ್ತಿದ್ದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ದಿನವಿಡೀ ಬೇರೆಯವರ ಕಾಲುಗಳ ಜೊತೆ ಇರುವವಳಿಗೆ ನನ್ನ ಕಾಲು ನನ್ನದು ಅನ್ನಿಸುತ್ತಿದ್ದುದು ಅದರ ಮೇಲೆ ಕೂತಾಗ ಮಾತ್ರ.

ಇನ್ನು ತಯಾರಿ. ಕುವೈತಿನಲ್ಲಿ ಬೆಟ್ಟ ಎಲ್ಲಿಂದ ತರುವುದು? ದೋಸೆ ಹಂಚಿನಷ್ಟು ಚಪ್ಪಟೆ ಊರು. ಫ್ಲೈಓವರ್‌ಗಳಲ್ಲಿ ಸೈಕಲ್ ತುಳಿದರೆ ಲಾರಿಯವರು ಬದುಕಲು ಬಿಡುವುದಿಲ್ಲ. ಹುಡುಕಿ ಹುಡುಕಿ ನಮ್ಮ ಮನೆಯಿಂದ ಎರಡು ಬೀದಿಯಾಚೆ ಒಂದು ಆರು ಮಹಡಿಯ ಕಾರ್ ಪಾರ್ಕಿಂಗ್ ಕಟ್ಟಡ ಸಿಕ್ಕಿತು. ಕೆಳಗಿನಿಂದ ತಾರಸಿಯವರೆಗೆ ಇಳಿಜಾರು ರ‍್ಯಾಂಪ್ ಸುತ್ತಿಕೊಂಡು ಹೋಗುತ್ತದೆ. ನನ್ನ ಸೈಕಲ್ಲಿನ ಕಂಪ್ಯೂಟರಿನ ಪ್ರಕಾರ ಎತ್ತರ ಹದಿನೆಂಟು ಮೀಟರ್.

ಆ ಕಟ್ಟಡಕ್ಕೆ ಒಬ್ಬ ಹಾರಿಸ್, ಎಂದರೆ ಕಾವಲುಗಾರ. ಈಜಿಪ್ಟಿನವ, ಅರವತ್ತರ ಹತ್ತಿರ ವಯಸ್ಸು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಚಹಾದ ಗ್ಲಾಸು, ಇನ್ನೊಂದು ಕೈಯಲ್ಲಿ ಜಪಮಣಿ. ಶುಕ್ರವಾರ, ಶನಿವಾರ ಬೆಳಗ್ಗೆ ಐದಕ್ಕೆ ಕಾರುಗಳೇ ಇರುವುದಿಲ್ಲ, ಹತ್ತಲು ಬಿಡುತ್ತೀಯಾ ಎಂದು ಕೇಳಿದೆ. ಅವನು ನನ್ನನ್ನು, ಸೈಕಲ್ಲನ್ನು, ಹೆಲ್ಮೆಟ್ಟನ್ನು ಒಂದೊಂದಾಗಿ ನೋಡಿದ. ಕುವೈತಿನಲ್ಲಿ ಎಲ್ಲರೂ ಎಲ್ಲರೊಡನೆ ಆಡುವ ಹಿಂದಿ-ಅರಬ್ಬಿ ಕಲಸುಮೇಲೋಗರದಲ್ಲಿ ತೀರ್ಪು ಕೊಟ್ಟ:

"ಸಿಸ್ಟರ್, ಊಪರ್ ಜಾವೋ, ಮಾಫಿ ಮುಶ್ಕಿಲ್. ನೀಚೆ ಸೈಕಲ್ ಪೆ? ಲಾ, ಲಾ. ಗಾಡಿ ಆಯೇಗಾ, ತುಮ್ ಖಲಾಸ್, ಮೈ ಭೀ ಖಲಾಸ್."

ಹತ್ತಬಹುದು, ಇಳಿಯುವಂತಿಲ್ಲ. ಇಳಿಯುವ ವೇಗದಲ್ಲಿ ತಿರುವಿನಲ್ಲಿ ಕಾರು ಎದುರಾದರೆ ಇಬ್ಬರ ಕಥೆಯೂ ಮುಗಿಯಿತು ಎಂದು ಅವನ ವಾದ. ನ್ಯಾಯವಾದ ಮಾತೇ. ಹಾಗಾದರೆ ಇಳಿಯುವುದು ಹೇಗೆ? ಅವನು ಹೆಮ್ಮೆಯಿಂದ ಹಿಂದೆ ಕೈ ತೋರಿಸಿದ. ಸಾಮಾನು ಸಾಗಿಸುವ ದೊಡ್ಡ ಲಿಫ್ಟ್.

ಅಲ್ಲಿಂದ ಐದು ತಿಂಗಳು, ವಾರಕ್ಕೆರಡು ಬೆಳಗ್ಗೆ ಇದೇ ಕ್ರಮ. ಆರು ಮಹಡಿ ತುಳಿದು ಹತ್ತುವುದು, ತಾರಸಿಯಲ್ಲಿ ಲಿಫ್ಟಿನೊಳಗೆ ಸೈಕಲ್ ನೂಕುವುದು, ಏದುಸಿರು ಬಿಡುತ್ತ ಕೆಳಗೆ ಬರುವುದು, ಮತ್ತೆ ಹತ್ತುವುದು. ಪ್ರತಿಸಲ ಲಿಫ್ಟಿನ ಬಾಗಿಲು ತೆರೆದಾಗಲೂ ಹಾರಿಸ್ ಒಂದು ಮಣಿ ಜರುಗಿಸುತ್ತಿದ್ದ. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ಮಾತಾಡಿಸುತ್ತಿರಲಿಲ್ಲ. ಮೂರನೇ ವಾರ ಅವನೇ ಕೈ ಅಡ್ಡ ಹಿಡಿದ. "ತೇತೀಸ್. ಖಲಾಸ್. ಘರ್ ಜಾವೋ." ಆ ಮನುಷ್ಯ ನನ್ನ ಸುತ್ತು ಎಣಿಸುತ್ತಿದ್ದ! ದಾರ ಸಡಿಲಾದ, ಮೂವತ್ತಮೂರು ಮಣಿಯ ಹಳೆಯ ಸರ ಅದು, ಪ್ರಾರ್ಥನೆಯದು ಜೇಬಿನಲ್ಲಿ ಬೇರೆಯೇ ಇತ್ತು.

ಮೂವತ್ತಮೂರು ಸಲ ಹದಿನೆಂಟು ಮೀಟರ್ ಎಂದರೆ ಹತ್ತಿರ ಹತ್ತಿರ ಆರುನೂರು. ಸ್ಪರ್ಧೆಯ ಸೈಕಲ್ ದಾರಿ ಎರಡು ಸುತ್ತು, ಒಂದೊಂದರಲ್ಲೂ ಆರುನೂರು ಮೀಟರ್ ಏರು. ಬೆಟ್ಟ ಎಂದರೆ ಎರಡು ಸರ. ನಾನು ಇದನ್ನು ವಿವರಿಸಿದಾಗ ಹಾರಿಸ್ ಸರವನ್ನು ಅಂಗೈಯಲ್ಲಿ ತೂಗಿ ನೋಡಿ, "ಛೋಟಾ ಪಹಾಡ್," ಎಂದ. ಜೂನ್ ಬರುವಷ್ಟರಲ್ಲಿ ನಾನು ಎರಡು ಸರವನ್ನು ಒಂದೇ ಬೆಳಗ್ಗೆ ಮುಗಿಸುತ್ತಿದ್ದೆ.

ಈಜಿನ ತೊಂದರೆ ಬೇರೆ. ಅಲ್ಲಿಯ ಸರೋವರ ತಣ್ಣಗಿರುತ್ತದೆ, ಕೊರಳಿನಿಂದ ಕಾಲಿನವರೆಗೆ ಮೈಗೆ ಅಂಟುವ ರಬ್ಬರ್ ಅಂಗಿ ಬೇಕು. ನಮ್ಮ ಸಮುದ್ರವೋ ಜೂನ್‌ನಲ್ಲಿ ಆರದ ಚಹಾ. ಅದರಲ್ಲಿ ರಬ್ಬರ್ ಅಂಗಿ ತೊಟ್ಟರೆ ಬೆಂದೇ ಹೋಗಬೇಕು. ಆದ್ದರಿಂದ ಮಲಗುವ ಕೋಣೆಯ ಏಸಿಯನ್ನು ಹದಿನಾರಕ್ಕಿಳಿಸಿ, ಹಾಕುವ ತೆಗೆಯುವ ಅಭ್ಯಾಸ ಮಾತ್ರ ಮಾಡಿದೆ. ಒಂದು ಕಾಲನ್ನು ಗಂಡ, ಇನ್ನೊಂದನ್ನು ಮಗಳು ಹಿಡಿದು ಎಳೆಯುತ್ತಿದ್ದರು. ಸಿಟ್ಟಿನ ನಡುವೆಯೂ ಮಗಳು ನಕ್ಕದ್ದು ಆಗ ಮಾತ್ರ.

ವೀಸಾಕ್ಕೆ ಇಕಾಮಾ ಎಂಬ ಕುವೈತಿನ ವಾಸದ ಪರವಾನಗಿಯ ಪ್ರತಿ, ಕ್ಲಿನಿಕ್ಕಿನ ಪತ್ರ, ಎಲ್ಲ ಕೊಟ್ಟು, ಸೈಕಲ್ಲನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿ, ಸ್ಪರ್ಧೆಯ ಭಾನುವಾರಕ್ಕೆ ಆರು ದಿನ ಮೊದಲು ಸೋಮವಾರ ಆ ಬೆಟ್ಟದೂರು ತಲುಪಿದೆ. ಇಳಿದುಕೊಂಡದ್ದು ಒಬ್ಬ ಹೆಂಗಸು ನಡೆಸುವ ಚಿಕ್ಕ ತಂಗುಮನೆಯಲ್ಲಿ. ಅರವತ್ತು ದಾಟಿದ, ಕಟ್ಟಿಗೆಯಂಥ ಗಟ್ಟಿ ಹೆಂಗಸು. ಹಾಲು, ಬ್ರೆಡ್ ತರಲು ಕೂಡ ಮೌಂಟನ್ ಬೈಕಿನಲ್ಲೇ ಹೋಗುತ್ತಿದ್ದಳು. ಅವಳ ಇಂಗ್ಲಿಷ್ ನನ್ನ ಅರಬ್ಬಿಯಷ್ಟೇ ಇತ್ತು, ಹಾಗಾಗಿ ಚೆನ್ನಾಗಿ ಹೊಂದಿಕೊಂಡೆವು.

ಮಂಗಳವಾರ ದಾರಿ ನೋಡಿಬರಲು ಹೊರಟೆ. ಎಂಟು ಕಿಲೋಮೀಟರ್ ಏರು. ಹತ್ತಿದೆ ನೋಡಿ, ಏನು ಸುಖ! ತಂಪು ಗಾಳಿ, ಪೈನ್ ಮರಗಳ ವಾಸನೆ, ಹಸುಗಳ ಕೊರಳ ಗಂಟೆ. ಐದು ತಿಂಗಳು ಕಾಂಕ್ರೀಟ್ ವಾಸನೆ ಕುಡಿದ ಶ್ವಾಸಕೋಶಕ್ಕೆ ಹಬ್ಬವಾಯಿತು. ಬಣ್ಣಬಣ್ಣದ ಬಟ್ಟೆಯ, ನನಗಿಂತ ಹತ್ತು ವರ್ಷ ಚಿಕ್ಕ ಗಂಡಸರಿಬ್ಬರನ್ನು ಹಿಂದೆ ಹಾಕಿದೆ. ಒಂದು ಗಂಟೆ ಆರು ನಿಮಿಷಕ್ಕೆ ತುದಿ ತಲುಪಿದೆ. ಸೈಕಲ್ ಮಾರುವ ಮಾತೇ ಇಲ್ಲ ಎಂದುಕೊಂಡು ಖರ್ಜೂರ ತಿಂದೆ.

ಆಮೇಲೆ ಕೆಳಗೆ ನೋಡಿದೆ.

ದಾರಿ ಎರಡಡಿ ಅಗಲ. ಅದರ ಮೇಲೆ ಅಡ್ಡಡ್ಡ ಮರದ ಬೇರುಗಳು, ತೆಂಗಿನಕಾಯಿ ಗಾತ್ರದ ಕಲ್ಲುಗಳು, ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಸೈಕಲ್ ಮುಂದಕ್ಕೆ ಬಾಗಿದ ಕೂಡಲೇ ನನ್ನ ಎರಡೂ ಕೈಗಳು ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಂಡವು. ಬಿಡಲೇ ಇಲ್ಲ. ಹತ್ತು ಹೆಜ್ಜೆ ಜಾರುವುದು, ಕಾಲು ಊರುವುದು, ಇಳಿದು ನೂಕುವುದು. ನೂರು ಮೀಟರಿಗೆ ಬ್ರೇಕು ಕಿರುಚಲು ಶುರುವಾಯಿತು. ಮೂರು ಕಿಲೋಮೀಟರಿಗೆ ಕಾದ ಬಾಣಲೆಯ ವಾಸನೆ ಬಂತು. ಆಗ ಹಿಂದೆ ಹಾಕಿದ ಇಬ್ಬರು ಗಂಡಸರು ಕಲ್ಲುಗಳ ಮೇಲೆ ಆಡುಗಳಂತೆ ಹಾರಿಕೊಂಡು ನನ್ನನ್ನು ದಾಟಿ ಹೋದರು. ಬುಡದವರೆಗೆ ಇಳಿಯಲು ನನಗೆ ಹಿಡಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಹತ್ತಿದ್ದಕ್ಕಿಂತ ಹದಿನಾಲ್ಕು ನಿಮಿಷ ಜಾಸ್ತಿ!

ತಂಗುಮನೆಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. ಸ್ಪರ್ಧೆ ಹತ್ತು ಗಂಟೆಗೆ ಶುರು, ಮಧ್ಯಾಹ್ನ ಎರಡೂವರೆಯೊಳಗೆ ಸೈಕಲ್ ಮುಗಿಸದಿದ್ದರೆ ಓಡಲು ಬಿಡುವುದಿಲ್ಲ. ಈ ವೇಗದಲ್ಲಿ ನಾನು ಒಂದು ಗಂಟೆಗೂ ಹೆಚ್ಚು ತಡ. ಬ್ರೇಕು ಹಿಡಿದಿದ್ದ ಬೆರಳುಗಳು ಇನ್ನೂ ಬಿಚ್ಚುತ್ತಿರಲಿಲ್ಲ. ಗಂಡನಿಗೆ ಫೋನ್ ಮಾಡಿದೆ.

"ಕಿತೆಂ ಜಾಲೆಂ?" ಎಂದ, ಏನಾಯಿತು ಎಂದು. ಅಳು ಬಂತು. ಬ್ರೇಕು ಸರಿ ಇಲ್ಲ, ದಾರಿ ಸರಿ ಇಲ್ಲ, ಆ ಬ್ಯಾರಿ ಚೆನ್ನಾಗಿ ನೋಡಲಿಲ್ಲ ಎಂದು ತಪ್ಪನ್ನು ಎಲ್ಲರ ಮೇಲೂ ಹೇರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕಾರ್ಖಾನೆಯಲ್ಲಿ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡಾಗ ಕೇಳುವ ಹಾಗೆ ಕೇಳತೊಡಗಿದ.

"ಬ್ರೇಕ್ ಯಾಕೆ ಬಿಸಿ ಆಯ್ತು?"

"ಹಿಡಿದೇ ಇದ್ದೆ."

"ಹಿಡಿದೇ ಇದ್ದದ್ದು ಯಾಕೆ?"

"ಹೆದರಿಕೆ ಆಯ್ತು."

"ಹೆದರಿಕೆ ಯಾಕೆ ಆಯ್ತು?"

"ಅಷ್ಟು ಕಡಿದಾದಲ್ಲಿ ಇಳಿದು ಗೊತ್ತಿಲ್ಲ ಮಾರಾಯ!"

"ಐದು ತಿಂಗಳು ಪ್ರಾಕ್ಟೀಸ್ ಮಾಡಿದ್ದಿ. ಅಲ್ಲಿ ಹೇಗೆ ಇಳೀತಾ ಇದ್ದಿ?"

ನಾನು ಎದುರಿಗೆ ನಿಲ್ಲಿಸಿದ್ದ ಸೈಕಲ್ಲನ್ನು ನೋಡಿದೆ. ಆಮೇಲೆ ಇಬ್ಬರಿಗೂ ಒಟ್ಟಿಗೆ ನಗು ಬಂತು. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು.

"ಲಿಫ್ಟಲ್ಲಿ," ಎಂದೆ.

ಸಾವಿರಾರು ಸಲ ಹತ್ತಿದ್ದೆ. ಒಂದು ಸಲವೂ ಇಳಿದಿರಲಿಲ್ಲ. ಅದಕ್ಕೇ ಪ್ಯಾಡ್ ಸವೆದಿರಲಿಲ್ಲ. ಇನ್ನೂ ನಾಚಿಕೆಯ ಸಂಗತಿ ಎಂದರೆ, ಇಳಿಯಲು ಕಲಿಸುವುದೇ ನನ್ನ ಹೊಟ್ಟೆಪಾಡು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಹತ್ತುವಾಗ ಮಾಂಸಖಂಡ ಕುಗ್ಗಿ ಕೆಲಸ ಮಾಡುತ್ತದೆ, ಇಳಿಯುವಾಗ ಹಿಗ್ಗುತ್ತ ತಡೆಯುತ್ತದೆ, ಎರಡೂ ಬೇರೆ ವಿದ್ಯೆ, ಒಂದು ಬಂದರೆ ಇನ್ನೊಂದು ಬಂದಂತಲ್ಲ ಎಂದು ವಾರಕ್ಕೆ ಹತ್ತು ಜನರಿಗೆ ಹೇಳುವವಳು ನಾನು.

ಸಂಜೆ ತಂಗುಮನೆಯ ಯಜಮಾನಿ ನನ್ನ ಸೈಕಲ್ ಸುತ್ತ ಒಂದು ಸುತ್ತು ಬಂದಳು. ಟಯರನ್ನು ಹೆಬ್ಬೆರಳಿನಿಂದ ಒತ್ತಿ, "ಕಲ್ಲು!" ಎಂದಳು. ಗಾಳಿ ಬಿಡುತ್ತ ಬಿಡುತ್ತ ಬಾಳೆಹಣ್ಣಿನಷ್ಟು ಮೆತ್ತಗಾಗುವವರೆಗೆ ಬಿಟ್ಟಳು. ಸೀಟನ್ನು ನಾಲ್ಕು ಬೆರಳು ಇಳಿಸಿದಳು. ಕಪ್ಪು ಹಿಡಿದ ಪ್ಯಾಡುಗಳನ್ನು ಬಿಚ್ಚಿ ಎಸೆದು ತನ್ನ ಶೆಡ್ಡಿನಿಂದ ಹೊಸದನ್ನು ತಂದು ಹಾಕಿದಳು. ಹೊಸ ಪ್ಯಾಡನ್ನು ಮೊದಲು ಪಳಗಿಸಬೇಕು, ಇಪ್ಪತ್ತು ಸಲ ವೇಗ ಹೆಚ್ಚಿಸಿ ಇಪ್ಪತ್ತು ಸಲ ನಿಧಾನ ಮಾಡಬೇಕು, ಆಗಲೇ ಅದು ಮಾತು ಕೇಳುವುದು ಎಂದು ಸನ್ನೆಯಲ್ಲಿ ತೋರಿಸಿದಳು. ಕೊನೆಗೆ ಊರಾಚೆ ತಂತಿಯ ಮೇಲೆ ತೂಗುತ್ತ ಹೋಗುವ ಪೆಟ್ಟಿಗೆಗಳತ್ತ ಕೈ ಮಾಡಿದಳು. ಬೆಟ್ಟದ ತುದಿಗೆ ಹೋಗುವ ಕೇಬಲ್ ಕಾರ್. ಸೈಕಲ್ಲನ್ನೂ ಒಯ್ಯಬಹುದು.

ಅಂದರೆ ಲಿಫ್ಟು.

ಇಲ್ಲೊಂದು ನಿರ್ಧಾರ ಮಾಡಬೇಕಿತ್ತು. ಸ್ಪರ್ಧೆಯ ಹಿಂದಿನ ವಾರ ಯಾರೂ ಮೈ ದಣಿಸಿಕೊಳ್ಳುವುದಿಲ್ಲ. ಊರಿಗೆ ಬಂದಿದ್ದ ಉಳಿದ ಸ್ಪರ್ಧಿಗಳೆಲ್ಲ ಕಾಲು ಮೇಲೆ ಹಾಕಿ ಕಾಫಿ ಕುಡಿಯುತ್ತಿದ್ದರು. ಅಭ್ಯಾಸವಿಲ್ಲದೆ ಇಳಿದರೆ ತೊಡೆ ಹಿಡಿದುಕೊಳ್ಳುತ್ತದೆ, ನೋವು ಎರಡನೇ ದಿನಕ್ಕೆ ನೆತ್ತಿಗೇರುತ್ತದೆ ಎಂಬುದು ನನಗೆ ಕಸುಬಿನಿಂದಲೇ ಗೊತ್ತು. ಬುಧವಾರ, ಗುರುವಾರ ಎರಡೇ ದಿನ ಇಳಿದರೆ ಶನಿವಾರಕ್ಕೆ ನೋವು ಇಳಿಮುಖ. ಒಂದು ದಿನ ಹೆಚ್ಚಾದರೆ ಭಾನುವಾರ ಕೆರೆಗೆ ಇಳಿಯಲೂ ಆಗದು. ವಿಶ್ರಾಂತಿ ತೆಗೆದುಕೊಂಡು ಖಂಡಿತ ಸೋಲುವುದೋ, ಕಾಲು ಪಣಕ್ಕಿಟ್ಟು ಬಹುಶಃ ಗೆಲ್ಲುವುದೋ? ಮೂಳೆ ಡಾಕ್ಟರು ನನ್ನ ಸೈಕಲ್ಲಿನ ಮೇಲೆ ಹೊಟ್ಟೆ ಹೊತ್ತು ಕೂತ ಚಿತ್ರ ಕಣ್ಣೆದುರು ಬಂತು. ಎರಡು ದಿನದ ಕೇಬಲ್ ಕಾರ್ ಪಾಸು ತೆಗೆದುಕೊಂಡೆ. ಲಿಫ್ಟಿನಲ್ಲಿ ಹತ್ತಿ ಸೈಕಲ್ಲಿನಲ್ಲಿ ಇಳಿಯುವುದು, ಕುವೈತಿನ ಪಾಠವನ್ನು ತಲೆಕೆಳಗು ಮಾಡುವುದು.

ಬುಧವಾರದ ಮೊದಲ ಇಳಿತ ಅರವತ್ತೆರಡು ನಿಮಿಷ. ಎರಡನೆಯದು ಐವತ್ತೈದು. ಮೂರನೆಯದರಲ್ಲಿ ತುರಿಕೆ ಗಿಡಗಳ ಪೊದೆಯೊಳಗೆ ಬಿದ್ದು ಮೊಣಕೈ ಸುಲಿದುಕೊಂಡೆ. ಹಸುವೊಂದು ಮೇಯುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಅಲ್ಲಿ ಕೂತಿರುವಾಗ ಒಬ್ಬ ಅಜ್ಜಿಯ ನೆನಪಾಯಿತು. ಎರಡೂ ಮೊಣಕಾಲು ಬದಲಿಸಿಕೊಂಡ ಕುವೈತಿ ಅಜ್ಜಿ, ಹಜ್ ಮಾಡಿ ಬಂದವಳೆಂದು ನಾವೆಲ್ಲ ಹಜ್ಜಾ ಎನ್ನುತ್ತಿದ್ದೆವು. ಮೆಟ್ಟಿಲಿಳಿಯುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕದಲುತ್ತಲೇ ಇರಲಿಲ್ಲ. "ಹಜ್ಜಾ, ಕಂಬಿ ನಿಮ್ಮ ಗೆಳತಿ. ಕೈ ಹಿಡಿದುಕೊಂಡರೆ ಸಾಕು, ಕೊರಳಿಗೆ ಜೋತು ಬೀಳಬೇಡಿ," ಎಂದು ನಾನು ದಿನಾ ಹೇಳುತ್ತಿದ್ದೆ. ಒಂದು ದಿನ ಅವಳಿಗೆ ರೇಗಿಹೋಗಿ, "ಪೆಹಲೆ ತುಮ್ ಡರ್ ಕೆ ದಿಖಾವೋ, ಬಾದ್ ಮೆ ಬೋಲೋ," ಎಂದು ಬೈದಿದ್ದಳು. ಮೊದಲು ನೀನು ಹೆದರಿ ನೋಡು, ಆಮೇಲೆ ಹೇಳು.

ಹಜ್ಜಾ, ಹೆದರಿ ನೋಡಿದೆ. ನಿಮ್ಮ ಮಾತು ಸರಿ.

ಎದ್ದು, ಬ್ರೇಕಿನ ಮೇಲಿದ್ದ ನಾಲ್ಕು ಬೆರಳುಗಳಲ್ಲಿ ಮೂರನ್ನು ತೆಗೆದು ಹ್ಯಾಂಡಲಿನ ಹಿಡಿಗೆ ಕೊಟ್ಟೆ. ಒಂದೇ ಬೆರಳು. ಹಿಡಿ, ಬಿಡು, ಹಿಡಿ, ಬಿಡು. ಹಿಮ್ಮಡಿ ಕೆಳಗೆ, ಸೊಂಟ ಹಿಂದೆ, ಕಣ್ಣು ಕಲ್ಲಿನ ಮೇಲಲ್ಲ, ಕಲ್ಲಿನಾಚೆಯ ದಾರಿಯ ಮೇಲೆ. ನಾಲ್ಕನೆಯ ಇಳಿತ ನಲವತ್ತೆಂಟು. ಗುರುವಾರ ಐದು ಸಲ ಇಳಿದು ಮೂವತ್ತನಾಲ್ಕಕ್ಕೆ ಬಂದೆ. ಕೇಬಲ್ ಕಾರಿನ ಚೀಟಿ ನೋಡುವವನು ಕೊನೆಯ ಸಲ ಚೀಟಿಯನ್ನೇ ಕೇಳಲಿಲ್ಲ.

ಶುಕ್ರವಾರ ಹಾಸಿಗೆಯಿಂದ ಏಳುವಾಗ ತೊಡೆಗಳು ನನ್ನವಾಗಿರಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಬಿಸಿನೀರಿನ ಚೀಲ ತಂದುಕೊಟ್ಟಳು. ಶನಿವಾರ ಸಂಜೆಗೆ ನೇರವಾಗಿ ಇಳಿಯುವಂತಾದೆ.

ಭಾನುವಾರ ಹತ್ತು ಗಂಟೆ. ನೀರಿಗೆ ಬಿದ್ದ ಕೂಡಲೇ ಉಸಿರು ಸಿಕ್ಕಿಹಾಕಿಕೊಂಡಿತು. ಹದಿನಾರು ಡಿಗ್ರಿಯ ಮಲಗುವ ಕೋಣೆಯೇ ಬೇರೆ, ಹದಿನೇಳು ಡಿಗ್ರಿಯ ನೀರೇ ಬೇರೆ. ನೂರು ಹೊಡೆತ ಎಣಿಸಿದ ಮೇಲೆ ಮೈ ಒಗ್ಗಿತು. ನಲವತ್ತು ನಿಮಿಷಕ್ಕೆ ದಡ ಸೇರಿ, ರಬ್ಬರ್ ಅಂಗಿ ಎಳೆಯಲು ಗಂಡ-ಮಗಳಿಲ್ಲದೆ ಹುಲ್ಲಿನ ಮೇಲೆ ಹೊರಳಾಡಿ, ಹತ್ತೂ ಮುಕ್ಕಾಲಿಗೆ ಸೈಕಲ್ ಹತ್ತಿದೆ. ಏರಿನಲ್ಲಿ ಮನಸ್ಸಿನಲ್ಲೇ ಮಣಿ ಜರುಗಿಸಿದೆ. ಮೂವತ್ತಮೂರು ಆಗುವಾಗ ತುದಿ ಬಂತು. ಒಂದೇ ಬೆರಳಿನಲ್ಲಿ ಇಳಿದೆ. ಮೊದಲ ಸುತ್ತು ಒಂದು ಗಂಟೆ ನಲವತ್ತೈದು ನಿಮಿಷ. ಎರಡೂವರೆಗೆ ಮುಗಿಸಲು ಇನ್ನೂ ಎರಡು ಗಂಟೆ ಕೈಯಲ್ಲಿತ್ತು. ನನಗೆ ಹಾಡು ಬಂತು. ಹಾಡಿದೆ ಕೂಡ.

ಹಾಡಿದ್ದಕ್ಕೆ ದಂಡ ಕಟ್ಟಿಸಿಕೊಂಡದ್ದು ಎರಡನೆಯ ಸುತ್ತಿನ ಬೇರುಗಳ ತಿರುವು. ಅಷ್ಟು ಹೊತ್ತಿಗೆ ಇನ್ನೂರು ಸೈಕಲ್‌ಗಳು ಉಜ್ಜಿ ಬೇರುಗಳು ಸಾಬೂನಿನಂತಾಗಿದ್ದವು. ಮುಂದಿನ ಚಕ್ರ ಜಾರಿತು. ಎಡ ಮೊಣಕಾಲು ಕಲ್ಲಿಗೆ ಬಡಿಯಿತು. ಕ್ಷಣಕಾಲ ಎಲ್ಲ ಬಿಳಿಯಾಯಿತು. ಮಂಡಿಯನ್ನು ಮುಟ್ಟಿ, ಬಗ್ಗಿಸಿ, ಚಾಚಿ ಪರೀಕ್ಷಿಸಿದೆ. ಮೂಳೆ ಸರಿ, ಚಿಪ್ಪು ಸರಿ, ಅಹಂಕಾರಕ್ಕೆ ಮಾತ್ರ ಪೆಟ್ಟು. ಆದರೆ ಎದ್ದು ಕೂತಾಗ ನಾಲ್ಕೂ ಬೆರಳು ಮತ್ತೆ ಬ್ರೇಕಿಗೆ ಹೋದವು. ಹೆದರಿಕೆ ಹಿಂದಿನ ಸೀಟಿನಲ್ಲಿ ಮತ್ತೆ ಹತ್ತಿ ಕೂತಿತ್ತು. ಆ ತಿರುವಿನ ನಲವತ್ತು ಹೆಜ್ಜೆಯನ್ನು ಮರ್ಯಾದೆಯಿಂದ ನಡೆದು ದಾಟಿದೆ. ಆಮೇಲೆ ಒಂದೊಂದೇ ಬೆರಳನ್ನು ಗದರಿಸಿ ಬಿಡಿಸಿದೆ. ಮಧ್ಯಾಹ್ನ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ ಸೈಕಲ್ ನಿಲ್ಲಿಸುವ ಜಾಗ ತಲುಪಿದೆ. ಆರು ನಿಮಿಷ ಉಳಿದಿತ್ತು.

ಓಟದಲ್ಲಿ ಏರು ಬಂದಾಗ ಯಾರಿಗೂ ದಾರಿ ಬಿಡಲಿಲ್ಲ. ಇಳಿತದಲ್ಲಿ ಕಾಡಿನ ನಡುವೆ ಮರದ ದಿಮ್ಮಿಗಳ ಮೆಟ್ಟಿಲು, ಇನ್ನೂರಕ್ಕೂ ಹೆಚ್ಚು. ಎಡಮಂಡಿ ಊದಿತ್ತು. ಆಗ ನನ್ನ ಬಾಯಿಂದ ಕ್ಲಿನಿಕ್ಕಿನ ಅರಬ್ಬಿ ತಾನಾಗಿ ಬಂತು: "ಜೇನ ಫೋಗ್, ತಾಬಾನ ತಹತ್." ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ದಣಿದ ಕಾಲು ಮೊದಲು. ಎಡಗಾಲು ಕೆಳಕ್ಕೆ, ಬಲಗಾಲು ಪಕ್ಕಕ್ಕೆ, ಎಡಗಾಲು ಕೆಳಕ್ಕೆ. ನನ್ನ ಮುಂದೆ ಕುಂಟುತ್ತಿದ್ದ ಒಬ್ಬ ಗಂಡಸು ತಿರುಗಿ ನೋಡಿದ. ಅವನಿಗೂ ತೋರಿಸಿಕೊಟ್ಟೆ. ಕಸುಬು ಎಲ್ಲಿ ಬಿಟ್ಟೀತು? ಇಬ್ಬರೂ ಹಜ್ಜಾನ ಹಾಗೆ ಒಂದೊಂದೇ ಮೆಟ್ಟಿಲು ಇಳಿದೆವು.

ಮೂರು ಗಂಟೆ ಐವತ್ತಮೂರು ನಿಮಿಷಕ್ಕೆ ಗೆರೆ ದಾಟಿದೆ. ನಾಲ್ಕಕ್ಕೆ ಏಳು ನಿಮಿಷ ಬಾಕಿ. ಹಿಂದಿನಿಂದ ಎಣಿಸಿದರೆ ಹನ್ನೊಂದನೆಯವಳು. ತಂಗುಮನೆಯ ಯಜಮಾನಿ ತನ್ನ ಸೈಕಲ್ಲಿನ ಗಂಟೆಯನ್ನು ಬಿಡದೆ ಬಾರಿಸುತ್ತಿದ್ದಳು. ಹುಲ್ಲಿನ ಮೇಲೆ ಮಲಗಿ ವೀಡಿಯೋ ಕಾಲ್ ಮಾಡಿದೆ. ಮಗಳು ನನ್ನ ಕೊರಳಿನ ಪದಕವನ್ನು ನೋಡಲಿಲ್ಲ, ಮಂಡಿಯ ರಕ್ತ ನೋಡಿ ಮುಖ ಕಿವುಚಿದಳು.

"ಟೈಮ್?"

"ಏಳು ನಿಮಿಷ ಉಂಟು."

"ಓಕೆ. ಯೂ ಕೆನ್ ಕೀಪ್ ಇಟ್," ಎಂದಳು. ಆಮೇಲೆ ಮುಖ ತುಂಬ ನಕ್ಕಳು. "ಬಟ್ ನೆಕ್ಸ್ಟ್ ಇಯರ್, ಶಿರ್ವ." ಹಿಂದಿನಿಂದ ಗಂಡ ಕೂಗಿದ, ಸೈಕಲ್ ಮಾರಾಟಕ್ಕಿಲ್ಲ ಅಂತ ಡಾಕ್ಟರಿಗೆ ನಾನೇ ಹೇಳ್ತೇನೆ, ನೀನು ಮೊದಲು ಐಸ್ ಇಡು ಎಂದು. ಮುಂದಿನ ಬೇಸಿಗೆ ನಾವು ಶಿರ್ವಕ್ಕೆ ಹೋದೆವು. ಅವಳು ಹೇಳಿದ ಮೇಲೆ ಅಪೀಲು ಇಲ್ಲ.

ಕುವೈತಿಗೆ ಮರಳಿದ ಮೊದಲ ಶುಕ್ರವಾರ ಪಾರ್ಕಿಂಗ್ ಕಟ್ಟಡಕ್ಕೆ ಹೋದೆ. ಹಾರಿಸ್ ಅದೇ ಕುರ್ಚಿಯಲ್ಲಿದ್ದ. ಯಜಮಾನಿ ಕೊಟ್ಟ ಬೆಟ್ಟದ ಜೇನಿನ ಸೀಸೆ ಅವನ ಕೈಗಿಟ್ಟೆ.

"ಪಹಾಡ್ ಖಲಾಸ್?"

"ಖಲಾಸ್. ಎರಡು ಸರ."

"ಔರ್ ನೀಚೆ? ಲಿಫ್ಟ್ ಥಾ?"

ಅವನು ತಮಾಷೆಗೆ ಕೇಳಿದ್ದಲ್ಲ. ಅಷ್ಟು ದೊಡ್ಡ ದೇಶದಲ್ಲಿ ಲಿಫ್ಟ್ ಇಲ್ಲದೆ ಇದ್ದೀತೇ ಎಂದುಕೊಂಡಿದ್ದ. ಇಲ್ಲ, ಸೈಕಲ್ಲಿನಲ್ಲೇ ಇಳಿಯಬೇಕಿತ್ತು, ನನಗೆ ಬರುತ್ತಿರಲಿಲ್ಲ, ಎರಡು ದಿನದಲ್ಲಿ ಬಿದ್ದು ಎದ್ದು ಕಲಿತೆ ಎಂದು ನಗುತ್ತಲೇ ಹೇಳಿದೆ, ಪ್ಯಾಂಟ್ ಸರಿಸಿ ಮಂಡಿಯ ಕಲೆಯನ್ನೂ ತೋರಿಸಿದೆ. ಅವನು ನಗಲಿಲ್ಲ. ಮಂಡಿಯನ್ನು ನೋಡಿದ, ಲಿಫ್ಟನ್ನು ನೋಡಿದ. "ಯಾ ಸಲಾಂ," ಎಂದು ಹಣೆ ತಟ್ಟಿಕೊಂಡ. ತಾನೇ ಹೆಮ್ಮೆಯಿಂದ ತೋರಿಸಿಕೊಟ್ಟಿದ್ದ ಲಿಫ್ಟ್! ನಿನ್ನ ತಪ್ಪಲ್ಲ ಎಂದು ನಾನು ಹೇಳುತ್ತಿದ್ದಂತೆಯೇ ಅವನು ಎದ್ದುಹೋದ.

ನಾನು ಸೈಕಲ್ ಹತ್ತಿ ಆರು ಮಹಡಿ ಮುಗಿಸಿ ತಾರಸಿಗೆ ಬಂದೆ. ಲಿಫ್ಟಿನ ಗುಂಡಿ ಒತ್ತಿದರೆ ಅದು ಬರಲಿಲ್ಲ. ಕೆಟ್ಟಿದೆಯೇ ಎಂದು ಗೋಡೆಯಿಂದ ಬಗ್ಗಿ ನೋಡಿದೆ. ಕೆಳಗೆ, ಕಟ್ಟಡದ ಬಾಗಿಲಿಗೆ ಅಡ್ಡವಾಗಿ ಮೂರು ಕೆಂಪು ಪ್ಲಾಸ್ಟಿಕ್ ಕೋನುಗಳು. ಅವುಗಳ ನಡುವೆ ರಸ್ತೆಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಹಾರಿಸ್ ಕೂತಿದ್ದ. ಲಿಫ್ಟ್ ಕೆಟ್ಟಿರಲಿಲ್ಲ, ಅವನೇ ಬಂದ್ ಮಾಡಿದ್ದ. ಒಂದು ಕಾರು ಬಂದು ಹಾರನ್ ಹೊಡೆಯುತ್ತಿತ್ತು. ಅವನು ಐದೂ ಬೆರಳು ಒಟ್ಟು ಮಾಡಿ ಸ್ವಲ್ಪ ತಾಳು ಎಂದು ಅದಕ್ಕೆ ತೋರಿಸಿದ. ಆಮೇಲೆ ಕುತ್ತಿಗೆ ಹಿಂದಕ್ಕೆ ಎತ್ತಿ ನನ್ನತ್ತ ಕೂಗಿದ.

"ಸಿಸ್ಟರ್! ಯಲ್ಲಾ, ನೀಚೆ ಆವೋ! ಮೈ ಇಧರ್ ಹೂಂ!"

ಸೀಟು ಇಳಿಸಿದೆ. ಬ್ರೇಕಿನ ಮೇಲೆ ಒಂದು ಬೆರಳಿಟ್ಟೆ. ಆರು ಮಹಡಿಯ ರ‍್ಯಾಂಪಿನಲ್ಲಿ ಮೊದಲ ಸಲ ಗಾಳಿ ನನ್ನ ಮುಖಕ್ಕೆ ಬಡಿಯಿತು. ಹನ್ನೆರಡು ತಿರುವು, ಒಂದು ನಿಮಿಷವೂ ಆಗಲಿಲ್ಲ. ಅವನ ಕುರ್ಚಿಯ ಹಿಂದೆ ಬಂದು ನಿಂತಾಗ ಅವನು ಜೇಬಿನಿಂದ ದಾರ ಸಡಿಲಾದ ಆ ಹಳೆಯ ಸರ ತೆಗೆದು, ಇಳಿದದ್ದಕ್ಕೂ ಒಂದು ಮಣಿ ಜರುಗಿಸಿದ.